ದಾದರಿನಲ್ಲಿ ಕಲಿತ ‘ಹೋಗಿ ಬರ್ತೀನಿ’

ನಮ್ಮ ಖಾಲಾನ ಮನೆಯಲ್ಲಿ ‘ಹೊಂಟೆ’ ಎಂಬ ಶಬ್ದಕ್ಕೆ ಜಾಗವಿರಲಿಲ್ಲ. ಮುಂಬಯಿ ದಹಿಸರಿನ ಆ ಚಾಳಿನಲ್ಲಿ ನಳದ ನೀರಿಗೆ ಇಳಿದರೂ ‘ಹೋಗಿ ಬರ್ತೀನಿ’ ಅನ್ನಬೇಕು. ಖಾಲಾ ಅಂದರೆ ನನ್ನ ತಾಯಿಯ ತಂಗಿ. ನಾನು ಆಗಷ್ಟೇ ಬಿ.ಎ. ಮುಗಿಸಿ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳನ್ನು ವಿಜಾಪುರದಲ್ಲೇ ಬಿಟ್ಟು, ಬಾಯಿಯನ್ನು ಮಾತ್ರ ಜೊತೆಗೆ ತಂದಿದ್ದೆ.

“ಹೊಂಟೆ ಖಾಲಾ,” ಅಂದೆ ಮೊದಲ ದಿನ.

“ಜಾತೂಂ ನಕ್ಕೊ ಬೋಲ್. ಜಾಕೆ ಆತೂಂ ಬೋಲ್. ಹೋಗಿ ಬರ್ತೀನಿ ಅನ್ನು.”

“ಅನ್ನದಿದ್ರ ನಾ ತಿರುಗಿ ಬರೂದಿಲ್ಲೇನು? ನಾ ಏನಂದೆ ಅಂತ ಕೇಳಿ ಲೋಕಲ್ ಗಾಡಿ ಓಡ್ತದೇನು?”

“ಲೋಕಲ್‌ಗೆ ಅಲ್ಲ, ನನಗ ಅನ್ನು. ಬಾಯಿ ಏನು ಸವೀತದ, ವಕೀಲಮ್ಮ?”

ನಾನು ಅನ್ನಲಿಲ್ಲ. ಆದರೂ ಸಂಜೆ ತಿರುಗಿ ಬಂದೆ. ಅದನ್ನೇ ಪುರಾವೆಯಾಗಿ ಮಂಡಿಸಿದೆ. ಖಾಲಾ ರೊಟ್ಟಿ ಬಡಿಯುತ್ತಲೇ ಇದ್ದಳು.

ನಾನು ಮುಂಬಯಿಗೆ ಬಂದದ್ದು ಕೊರಿಯನ್ ಭಾಷೆ ಕಲಿಯಲು. ಕೇಳಿದವರೆಲ್ಲ ನಗುತ್ತಿದ್ದರು. ಕೊರಿಯಾದ ಒಂದು ಕಂಪನಿ ಆಗ ಇಲ್ಲಿ ಕಚೇರಿ ತೆರೆದಿತ್ತು. ಅದರ ಸಾಹೇಬರಿಗೆ ಸೂಟು ಹೊಲಿಯುತ್ತಿದ್ದ ನಮ್ಮ ಖಾಲೂ, ಅಂದರೆ ಖಾಲಾನ ಗಂಡ, ಅಳತೆ ತೆಗೆಯುವಾಗ, “ನಮ್ಮ ಹುಡುಗಿ ಯಾವ ಭಾಷೆಯನ್ನಾದರೂ ಕಲೀತಾಳೆ” ಎಂದು ಹೇಳಿಬಿಟ್ಟಿದ್ದರು. ಸಾಹೇಬರ ಹೆಂಡತಿ ತಮ್ಮ ಊರಿನಲ್ಲಿ ಶಾಲೆಯ ಟೀಚರು. ದಾದರಿನ ಮನೆಯಲ್ಲಿ ಕೆಲಸವಿಲ್ಲದೆ ಬೇಸತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ಅವರ ಹತ್ತಿರ ನಾನು ಮಾತಾಡುವಷ್ಟು ಕಲಿತು, ಸಾಹೇಬರ ಪರೀಕ್ಷೆಯಲ್ಲಿ ಪಾಸಾದರೆ ಕಚೇರಿಯಲ್ಲಿ ದುಭಾಷಿಯ ಕೆಲಸ. ಇಲ್ಲವಾದರೆ ವಿಜಾಪುರದ ಗಾಡಿ ಹತ್ತಬೇಕು ಎಂದು ಅಬ್ಬಾ ಕಳಿಸುವಾಗಲೇ ಶರತ್ತು ಹಾಕಿದ್ದರು.

ಟೀಚರಿಗೆ ಮುಂಬಯಿ ಪರದೇಶ. ನನಗೂ ಅಷ್ಟೇ, ಪಾಸ್‌ಪೋರ್ಟು ಬೇಡದ ಪರದೇಶ. ಮರಾಠಿ ಅವರಿಗೂ ಬಾರದು, ನನಗೂ ಬಾರದು. ದಾದರಿನ ಮಾರ್ಕೆಟ್ಟಿನಲ್ಲಿ ಕೋಸು, ಮೂಲಂಗಿ ಕೊಳ್ಳುವಾಗ ಇಬ್ಬರೂ ಬೆರಳು ತೋರಿಸಿಯೇ ವ್ಯಾಪಾರ ಮಾಡುತ್ತಿದ್ದೆವು. ಅವರ ಕೋಸಿನ ಉಪ್ಪಿನಕಾಯಿಗೆ ಇಲ್ಲಿನ ಖಾರದಪುಡಿ ಒಗ್ಗುತ್ತಿರಲಿಲ್ಲ. ಖಾಲಾ ಡಬ್ಬಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಕಳಿಸಿದಳು. ಆ ಕೆಂಪು ನೋಡಿ ಟೀಚರು ಡಬ್ಬಿಯನ್ನು ಎದೆಗೆ ಒತ್ತಿಕೊಂಡರು.

ಲೋಕಲ್‌ನಲ್ಲಿ ನಾನು ತುಟಿಯಾಡಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಲೇಡೀಸ್ ಡಬ್ಬಿಯ ಹೆಂಗಸೊಬ್ಬಳು ಅದನ್ನು ಜಪ ಎಂದುಕೊಂಡು ಭಕ್ತಿಯಿಂದ ಸೀಟು ಬಿಟ್ಟುಕೊಟ್ಟಳು. ನಾನು ನಾಸ್ತಿಕಳು, ಆದರೆ ದಾದರಿನಿಂದ ಬೊರಿವಲಿಯವರೆಗೂ ನಿಂತು ಬಂದವಳಿಗಷ್ಟೇ ಸೀಟಿನ ಬೆಲೆ ಗೊತ್ತು. ಕೂತೆ.

ಕೊರಿಯನ್ನಿನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಅಪ್ಪನಿಗೆ ಅಪ್ಪಾ ಅಂತಲೇ ಅನ್ನುತ್ತಾರೆ. ಹಾಗಾದರೆ ನಾವು ನೆಂಟರು ಎಂದು ಟೀಚರು ಹಿಗ್ಗಿದರು. “ಎರಡು ಮನೆಯಲ್ಲಿ ಒಂದೇ ಬಣ್ಣದ ಬಕೆಟ್ ಇದ್ದರೆ ನೆಂಟರಾಗುತ್ತಾರಾ?” ಎಂದೆ.

“ತುಮ್ ಬಹುತ್ ಬಹಸ್ ಕರ್ತಾ,” ಅಂದರು, ಬಹಳ ವಾದ ಮಾಡುತ್ತೀ ಎಂದು. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದದ್ದು ಈ ಮುರುಕು ಹಿಂದಿ.

ಒಂದು ದಿನ ಮನೆಯಿಂದ ಹೊರಡುವಾಗ ಹೇಳುವ ಮಾತು ಕಲಿಸಿದರು: ‘ತನ್ಯೊ ಓಗೆಸ್ಸುಮ್ನಿದಾ.’ ಬಿಡಿಸಿ ಅರ್ಥ ಹೇಳಿದರು. ಹೋಗಿ ಬರುತ್ತೇನೆ. ನಾನು ಪೆನ್ನು ಕೆಳಗಿಟ್ಟೆ. ದಹಿಸರಿನಲ್ಲಿ ಯಾವುದರ ಜೊತೆ ಜಗಳವಾಡಿ ಬಂದಿದ್ದೆನೋ ಅದು ದಾದರಿನಲ್ಲಿ ಕಾದು ಕೂತಿತ್ತು. ಇದು ಸ್ವಂತ ಮನೆಯವರು ಹೇಳುವ ಮಾತು, ಬಂದವರು ಹೊರಡುವಾಗ ‘ಅನ್ಯೊಂಗ್ಹಿ ಕೇಸೆಯೊ’, ನೆಮ್ಮದಿಯಿಂದಿರಿ ಅನ್ನಬೇಕು, ಎರಡನ್ನೂ ಕಲಸಬೇಡ ಎಂದು ಟೀಚರು ಎಚ್ಚರಿಸಿದರು.

ಖಾಲಾಗೆ ಹೇಳಿದೆ. “ನೋಡು, ಸಮುದ್ರದ ಆಚಿಯವ್ರಿಗೂ ಅಕಲ್ ಅದ,” ಅಂದಳು.

“ಇಬ್ಬರು ಕೂಡಿ ಅಂದ್ರ ಸುಳ್ಳು ಖರೆ ಆಗೂದಿಲ್ಲ, ಖಾಲಾ.”

“ಆತು, ಅವರ ಭಾಷಾದಾಗಾದ್ರೂ ಅನ್ನು.”

ಇದಕ್ಕೆ ಒಪ್ಪಿದೆ. ನಂಬಿಕೆಯಿಂದಲ್ಲ, ಉಚ್ಚಾರ ಕುದುರಲಿ ಎಂದು. ದಿನಾ ಚಪ್ಪಲಿ ಮೆಟ್ಟುವಾಗ ‘ತನ್ಯೊ ಓಗೆಸ್ಸುಮ್ನಿದಾ’ ಅನ್ನುತ್ತಿದ್ದೆ. ಖಾಲಾ ಒಳಗಿನಿಂದ “ಹಾಂ, ಜಾಕೆ ಆ” ಅನ್ನುತ್ತಿದ್ದಳು.

ಪರೀಕ್ಷೆಯ ದಿನ ಸಾಹೇಬರು ಮನೆಯಲ್ಲೇ ಎದುರು ಕೂತರು. ನಗದ ಮನುಷ್ಯ. ಸರಕು ತಡವಾಗಿದೆ, ವ್ಯಾಪಾರಿಗೆ ಹೇಗೆ ಹೇಳುತ್ತೀ ಎಂದು ಕೇಳಿದರು. ಹೇಳಿದೆ. ತೀರಾ ಒರಟಾಯಿತು ಎಂದರು. ಸುಮ್ಮನಿರಬೇಕಿತ್ತು. ಮುಂಬಯಿಯ ವ್ಯಾಪಾರಿಗೆ ಮೆತ್ತಗೆ ಹೇಳಿದರೆ ನಾಳೆಯೇ ಬರುತ್ತದೆ ಎಂದುಕೊಳ್ಳುತ್ತಾನೆ ಎಂದು ವಾದಕ್ಕೆ ನಿಂತೆ. ವಾದದ ಬಿಸಿಯಲ್ಲಿ ಹಿರಿಯರಿಗೆ ಹಚ್ಚಬೇಕಾದ ಗೌರವದ ಪ್ರತ್ಯಯವೇ ಬಿಟ್ಟುಹೋಯಿತು. ಟೀಚರು ಚಹದ ಬಟ್ಟಲನ್ನೇ ನೋಡುತ್ತ ಕೂತರು. ಸಾಹೇಬರು, ಸರಿ, ಇನ್ನು ಹೊರಡಬಹುದು ಎಂದರು.

ವಿಜಾಪುರದ ಗಾಡಿ ಕಣ್ಣೆದುರು ಬಂತು. ಬಾಗಿಲಿಗೆ ಬಂದು ಚಪ್ಪಲಿಯಲ್ಲಿ ಕಾಲು ತೂರಿಸಿದೆ. ಕಾಲಿಗೆ ಚಪ್ಪಲಿ ತಾಗಿದ್ದೇ ತಡ, ನಾಲಿಗೆ ತಾನಾಗಿ ಅಂದಿತು: “ತನ್ಯೊ ಓಗೆಸ್ಸುಮ್ನಿದಾ.”

ಟೀಚರು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಕೈ ತೆಗೆದು, ಶಾಲೆಗೆ ಹೊರಟ ಮಗಳಿಗೆ ಹೇಳುವಂತೆ, “ತನ್ಯೊ ವಾ,” ಅಂದರು. ಹೋಗಿ ಬಾ. ಒಳಗಿನಿಂದ ಸಾಹೇಬರ ನಗು ಕೇಳಿಸಿತು. ಹೊರಗೆ ಬಂದು, “ಘರ್ ಕಾ ಆದ್ಮಿ ಬೋಲ್ತಾ ಹೈ ಐಸಾ. ಬೋಲಾ, ತೋ ಆನಾ ಪಡೇಗಾ. ಸೋಮ್ವಾರ್, ಆಫೀಸ್,” ಎಂದರು. ಮನೆಯವರ ಮಾತು ಆಡಿದ ಮೇಲೆ ತಿರುಗಿ ಬರಲೇಬೇಕಂತೆ. ತಡೆದು ಸೇರಿಸಿದರು: “ಬಹಸ್ ಥೋಡಾ ಕಮ್.”

“ಮಾತಿನ ಬರಕತ್ ನೋಡು,” ಅಂದಳು ಖಾಲಾ, ಸುದ್ದಿ ಕೇಳಿ.

“ತಪ್ಪು ಮಾಡಿದ್ದಕ್ಕ ಸಿಕ್ಕ ನೌಕರಿ ಇದು. ಬರಕತ್ ಎಲ್ಲಿಂದ ಬಂತು?”

“ಹಂಗಾರ ಸೋಮವಾರ ಹೊಂಟೆ ಅಂತ ಅಂದು ಹೋಗು, ನೋಡೂಣು.”

ಸೋಮವಾರ ಬಾಗಿಲಲ್ಲಿ ನಿಂತೆ. ಖಾಲಾ ಒಲೆಯ ಕಡೆ ಮುಖ ಮಾಡಿ, ಬೇಕಂತಲೇ ತಿರುಗಿ ನೋಡದೆ ಕಾಯುತ್ತಿದ್ದಳು. ಯಾವ ಭಾಷೆಯಲ್ಲಿ ಅನ್ನಲಿ ಎಂಬುದಷ್ಟೇ ಉಳಿದಿತ್ತು.

“ಜಾಕೆ ಆತೂಂ, ಖಾಲಾ.”

“ಜಾಕೆ ಆ, ಬೇಟಾ.”

ಮೆಟ್ಟಿಲು ಅರ್ಧ ಇಳಿದವಳಿಗೆ ಊಟದ ಡಬ್ಬಿ ನೆನಪಾಯಿತು. ತಿರುಗಿ ಬಂದೆ. ಖಾಲಾ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ನೋಡು,” ಅಂದಳು, “ಬಂದಿ.”