ಬೀಗಿತಿಯ ಓರೆ ಕತ್ತು

ನಮ್ಮ ಬೀಗಿತಿ ಕೋಳಿ ಕಾಳು ನೋಡುವ ಹಾಗೆ ಕತ್ತು ಎಡಕ್ಕೆ ತಿರುಗಿಸಿ ಬಲಗಣ್ಣಿನಿಂದ ಮನುಷ್ಯರನ್ನು ನೋಡುತ್ತಿದ್ದಳು. ಮಗಳನ್ನು ಕೊಟ್ಟ ಹೊಸದರಲ್ಲಿ ನಾನು ಅದನ್ನು ಗಂಡಿನ ಕಡೆಯವರ ಜಂಬ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಎಡಗಡೆಯ ಕಿಟಕಿಯೇ ಬೇಕು. ಊಟಕ್ಕೆ ಕೂತರೆ ಗೋಡೆ ಎಡಕ್ಕೇ ಇರಬೇಕು. ಎಡಗಣ್ಣು ಪೂರ್ತಿ ಹೋಗಿದೆ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀಗರ ನಡುವೆ ಹಬ್ಬದ ಮಾತು ಇರುತ್ತದೆ, ಕಾಯಿಲೆಯ ಮಾತು ಇರುವುದಿಲ್ಲ. ಹೆಣ್ಣು ಕೊಟ್ಟವರಂತೂ ಕುಂದು ತೋರಿಸಲೇಬಾರದು.

ಆಕೆ ದಾವಣಗೆರೆಯ ವಿದ್ಯಾನಗರದವಳು, ನಾನು ಹರಿಹರದವಳು. ಒಂದು ಯುಗಾದಿಗೆ ನಮ್ಮ ಮನೆಗೆ ಬಂದಿದ್ದಳು. ಹೋಳಿಗೆಗೆ ತುಪ್ಪ ಬಡಿಸಲು ಬಗ್ಗಿದೆ. ತುಪ್ಪ ತಟ್ಟೆ ದಾಟಿ ನೆಲಕ್ಕೆ ಬೀಳುವುದರಲ್ಲಿತ್ತು. ಬೀಗಿತಿ ತಟ್ಟೆಯನ್ನೇ ತುಪ್ಪದ ಕೆಳಗೆ ಸರಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ಊಟವಾದ ಮೇಲೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಬೀಗರೆ, ಪಕ್ಕದ್ದು ಕಾಣಂಗಿಲ್ಲ ಅಲ್ಲೇನ್ರಿ?"

"ಚೆನ್ನಾಗಿ ಕಾಣ್ತೈತೆ. ಸೂಜಿಗೆ ದಾರ ಪೋಣಿಸ್ತೀನಿ."

"ನಾನೂ ಪೋಣಿಸ್ತಿದ್ದೆ" ಎಂದಳು.

ಕೆಲವು ತಿಂಗಳಿಂದ ಬಾಗಿಲ ಚೌಕಟ್ಟು ಬಲಭುಜಕ್ಕೆ ಹೊಡೆಯುತ್ತಿತ್ತು. ರಸ್ತೆಯಲ್ಲಿ ಸ್ಕೂಟರುಗಳು ಗಾಳಿಯಿಂದ ಹುಟ್ಟಿದ ಹಾಗೆ ಎದುರಾಗುತ್ತಿದ್ದವು. ಮುದಿತನ ಎಂದು ಸುಮ್ಮನಿದ್ದೆ. ಕುರುಡಿಯಾದರೆ ಬಚ್ಚಲಿಗೂ ಇನ್ನೊಬ್ಬರು ಕೈ ಹಿಡಿದು ಕರೆದೊಯ್ಯಬೇಕು. ಸಾವಿಗಿಂತ ನನಗೆ ಅದರದೇ ಭಯ.

ಮುಂದಿನ ವಾರ ಆಕೆಯೇ ನನ್ನನ್ನು ದಾವಣಗೆರೆಯ ಪಿ.ಜೆ. ಬಡಾವಣೆಯ ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ನನ್ನ ಮಗ ಅಲ್ಲೇ ಹತ್ತಿರದ ಕರೂರಿನ ಒಂದು ಕಾರ್ಖಾನೆಯಲ್ಲಿದ್ದಾನೆ. ಅವನ ಕಂಪನಿಯ ವಿಮೆಯಲ್ಲಿ ನನ್ನ ಹೆಸರೂ ಇದೆ. ಆ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಹೋಗಿದ್ದೆ. ಕೌಂಟರಿನ ಹುಡುಗಿ ಅದನ್ನು ನೋಡಿ, "ಅಜ್ಜಿ, ಆಪರೇಷನ್ ಆದ್ರೆ ಇದು ನಡೀತೈತೆ. ಬರೇ ಪರೀಕ್ಷೆಗೆ, ಕನ್ನಡಕಕ್ಕೆ ನಡಿಯಲ್ಲ. ತಿಂಗಳೊಳಗೆ ಆಪರೇಷನ್ ಮಾಡಿಸಿದ್ರೆ ಇವತ್ತಿನ ಬಿಲ್ಲೂ ಕೇಳಬಹುದು, ಜೋಪಾನ ಮಾಡ್ರಿ" ಎಂದಳು.

"ಅಂದ್ರೆ ಕಣ್ಣು ಪೂರಾ ಕೆಟ್ಟ ಮ್ಯಾಲೆ ಬಾ ಅಂತ. ನಡೀರಿ ಬೀಗರೆ" ಎಂದು ಎದ್ದೆ. ಪರೀಕ್ಷೆಯ ದುಡ್ಡು ಸೊಂಟದ ಚೀಲದಲ್ಲೇ ಇತ್ತು. ಇಲ್ಲದಿದ್ದದ್ದು ಧೈರ್ಯ. ಡಾಕ್ಟರು ಏನು ಹೇಳಿಬಿಡುತ್ತಾರೋ ಎಂದು ಓಡಿಹೋಗಲು ನೆವ ಹುಡುಕುತ್ತಿದ್ದೆ, ವಿಮೆ ಸಿಕ್ಕಿತು.

ಬೀಗಿತಿ ಏಳಲಿಲ್ಲ. "ನಾನೂ ಇದೇ ಮಾತು ಹೇಳಿ ಎದ್ದು ಹೋಗಿದ್ದೆ. ವಿಮೆ ನಡೆಯೋ ಹೊತ್ತಿಗೆ ಬಂದೆ. ಆಪರೇಷನ್ ಪುಕ್ಕಟೆ ಆತು, ಕಣ್ಣು ಬರಲಿಲ್ಲ. ಕೂಡ್ರಿ."

"ನನಗೆ ಹೆದರಿಕೆ ಆಗ್ತೈತ್ರಿ."

"ಹೆದರ್ರಿ, ಯಾರು ಬ್ಯಾಡ ಅಂದ್ರು? ಕೂತ್ಕಂಡು ಹೆದರ್ರಿ. ಗಂಡಿನ ಕಡೆಯವಳು ಹೇಳ್ತಿದೀನಿ."

ಮದುವೆಯಲ್ಲಿ ಒಂದು ಸೀರೆಗೂ ಆ ಅಧಿಕಾರ ಬಳಸದವಳು ಅವತ್ತು ಬಳಸಿದಳು. ಕೂತೆ.

ಒಳಗೆ ಕತ್ತಲೆ ಕೋಣೆ. ಬಿಳಿ ಬೋಗುಣಿಯಂಥ ಮಿಷನ್ನಿನೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಮಿಷನ್ನು ಟಿಕ್ ಟಿಕ್ ಎನ್ನುತ್ತಿತ್ತು. ಚುಕ್ಕಿ ಬರಲಿಲ್ಲ. ಇನ್ನೂ ಶುರು ಮಾಡಿಲ್ಲವೇನೋ ಎಂದು ಕಾದೆ. ಆಮೇಲೆ ತಿಳಿಯಿತು. ಪ್ರತಿ ಟಿಕ್ಕಿಗೂ ಚುಕ್ಕಿ ಬರುತ್ತಿದೆ, ನನಗೆ ಕಾಣುತ್ತಿಲ್ಲ. ಬಾಗಿಲ ಬಳಿ ಬೀಗಿತಿಯ ಬಳೆ ಸದ್ದು ಕೇಳದಿದ್ದರೆ ಎದ್ದು ಓಡುತ್ತಿದ್ದೆ.

ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಹನಿ ಔಷಧಿಯಿಂದ ಕಾಪಾಡಿಕೊಳ್ಳಬೇಕು, ದಿನಾ ಸಂಜೆ, ಬದುಕಿರುವ ತನಕ. ಆಪರೇಷನ್ ಬೇಕಾಗಲಿಲ್ಲ, ವಿಮೆಯಿಂದ ಬಿಡಿಗಾಸೂ ಬರಲಿಲ್ಲ.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಆಕೆಯ ಫೋನು. "ಹನಿ ಬಿಟ್ರಾ?" ಅಷ್ಟೇ. ಒಮ್ಮೆ ಸೋಮಾರಿತನಕ್ಕೆ ಸುಳ್ಳು ಹೇಳಿದೆ. "ಬಿಟ್ಕಂಡೋರ ದನಿ ಅಲ್ಲ ಇದು. ಹೋಗಿ ಬಿಟ್ಕಂಡು ಬರ್ರಿ, ನಾನು ಫೋನ್ ಇಡಲ್ಲ" ಎಂದಳು. ಹನಿ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂಡಬೇಕು, ಅಳಬಾರದು, ಅತ್ತರೆ ಔಷಧಿ ತೊಳೆದು ಹೋಗುತ್ತದೆ ಎಂಬುದು ಆಕೆಯ ಕಾಯಿದೆ.

ಹೋದ ವರ್ಷ ಎದೆನೋವು ಬಂದು ತೀರಿಕೊಂಡಳು. ಮಣ್ಣು ಮಾಡುವುದು ಮರುದಿನ ಬೆಳಿಗ್ಗೆ ಎಂದಿತ್ತು. ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿದ್ದರು. ಕತ್ತು ನೇರವಾಗಿತ್ತು. ಆಕೆಯನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಬಲಗಡೆಗೆ, ಆಕೆಗೆ ಕಾಣುವ ಕಡೆಗೆ ಹೋಗಿ ಕೂತೆ.

ದೀಪ ಹಚ್ಚಿದರು. ಸೊಂಟದ ಚೀಲದಿಂದ ಔಷಧಿ ತೆಗೆದು ಮಗಳ ಕೈಗೆ ಕೊಟ್ಟೆ.

"ಅವ್ವಾ, ಈಗ್ಲಾ?" ಎಂದಳು.

"ಈಗ್ಲೇ."

ಹನಿ ಬಿಟ್ಟಳು. ಸುತ್ತ ಎಲ್ಲರೂ ಅಳುತ್ತಿದ್ದರು. ನಾನು ಕಣ್ಣು ಮುಚ್ಚಿ ಕೂತಿದ್ದೆ.