ವಿಸಿಲ್‌ಗೆ ಬಂದ ಕುರಿಗಳು

ಮೊನ್ನೆ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ನನಗೊಂದು ಅವಮಾನವಾಯಿತು. ಊರಿಗೆ ಹೋಗಲು ಕಿಟಕಿ ಪಕ್ಕದ ಸೀಟು ಹಿಡಿದು ಕುಳಿತಿದ್ದೆ. ಕಂಡಕ್ಟರ್ ವಿಸಿಲ್ ಊದಿದ, ನಾನು ಎದ್ದು ನಿಂತೆ. ಬರೀ ನಿಂತದ್ದಲ್ಲ ಓದುಗರೇ. ಹಿಮ್ಮಡಿ ಕೂಡಿಸಿ, ಹೊಟ್ಟೆ ಒಳಗೆಳೆದು ನಿಂತೆ. ಪಕ್ಕದಲ್ಲಿದ್ದ ಅಜ್ಜಿ, "ದೊಡ್ಡ ಮನಸ್ಸು ಕಣಪ್ಪ ನಿಂದು" ಎಂದು ನನ್ನ ಜಾಗದಲ್ಲಿ ಕುಳಿತೇಬಿಟ್ಟರು. ವಾದಕ್ಕೆ ಅವಕಾಶವಿರಲಿಲ್ಲ.

ಇದಕ್ಕೆಲ್ಲ ಕಾರಣ ದೊಡ್ಡಪ್ಪ. ಮಿಲಿಟರಿಯಿಂದ ನಿವೃತ್ತರಾಗಿ ಬಂದಾಗ ಒಂದು ಟ್ರಂಕು, ಒಂದಿಷ್ಟು ರಮ್ಮು, ಒಂದು ಹಿತ್ತಾಳೆ ವಿಸಿಲ್ ತಂದಿದ್ದರು. ರಮ್ಮು ನೆಂಟರ ಪಾಲಾಯಿತು, ವಿಸಿಲ್ ನಮ್ಮ ಪಾಲಿಗೆ ಉಳಿಯಿತು. ಬೆಳಗ್ಗೆ ಅದು ಕೂಗಿತೆಂದರೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಎತ್ತರದ ಪ್ರಕಾರ ಸಾಲು ನಿಲ್ಲಬೇಕು. ದೊಡ್ಡಮ್ಮ ಮಾತ್ರ ಮುದ್ದೆ ಕೋಲು ಹಿಡಿದೇ ಬರುತ್ತಿದ್ದರು.

"ಕೋಲು ಯಾಕೆ?"

"ಬಂದೂಕ ಕೊಟ್ಟಿಲ್ವಲ್ರಿ, ಅದ್ಕೆ."

ತಪಾಸಣೆ ಅಲ್ಲಿಗೆ ಮುಗಿಯುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆಯಿಂದ ಗೆದ್ದವನು ನಾನು. ಆದರೆ ಮನೆಯಲ್ಲಿ ಸಾಲು ನಿಲ್ಲುವುದರ ವಿರುದ್ಧದ ವಾದವನ್ನೂ ಸಾಲಿನಲ್ಲಿ ನಿಂತೇ ಮಂಡಿಸಬೇಕಿತ್ತು.

ಇಂಥವರನ್ನು ಊರವರು ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನಾಗಿ ಮಾಡಿದರು. ಕೊಳಾಯಿಗೆ ನೀರು ಬಿಡುವ ಹೊತ್ತಿಗೆ ಕಚೇರಿ ಕಟ್ಟೆ ಮೇಲೆ ನಿಂತು ವಿಸಿಲ್ ಊದುವುದು ಅವರ ಮೊದಲ ಸುಧಾರಣೆ. ಕಚೇರಿ ಮುಂದಿನ ದನಕುರಿಗಳ ತೊಟ್ಟಿಯೂ ಅದೇ ಹೊತ್ತಿಗೆ ತುಂಬುತ್ತಿತ್ತು. ಆಮೇಲೆ ಅಲ್ಲಿಗೆ ಕಾಂಕ್ರೀಟ್ ರಸ್ತೆ ಬಂತು. ಹೊಸ ರಸ್ತೆಯ ಮೇಲೆ ಹಿಕ್ಕೆ ಕಂಡ ದೊಡ್ಡಪ್ಪ, "ಶಿಸ್ತಿಲ್ಲದ ಪ್ರಾಣಿಗಳಿಗೆ ಪ್ರವೇಶವಿಲ್ಲ" ಎಂದು ಬೋರ್ಡು ಹಾಕಿಸಿದರು. ತೊಟ್ಟಿಗೆ ಬೇರೆ ದಾರಿಯಿರಲಿಲ್ಲ. ಕುರಿ ಸಾಕುವ ಈರಣ್ಣ ಹಿಂಡನ್ನು ದೂರದ ಹಳ್ಳಕ್ಕೆ ಹೊಡೆಯಬೇಕಾಯಿತು. ಎಳೆಮರಿಗಳು ಬಿಸಿಲಲ್ಲಿ ದಾರಿ ನಡುವೆಯೇ ಕುಸಿದು ಕೂರತೊಡಗಿದವು.

"ಮಾತಾಡಿ ಮಾತಾಡಿ ಕಪ್ಪು ತಂದೀಯಂತಲ್ಲಪ್ಪ. ಹಂಗೇ ನನ್ ಕುರಿಗೊಂದು ದಾರಿ ಕೊಡ್ಸು" ಎಂದ ಈರಣ್ಣ.

ಕಚೇರಿ ಮುಂದೆ ಶಾಮಿಯಾನ ಹಾಕಿ ಗ್ರಾಮಸಭೆ ಸೇರಿತ್ತು. ನಾನು ಎದ್ದೆ. "ಮಾನ್ಯ ಅಧ್ಯಕ್ಷರೇ, ಶಿಸ್ತು ಎಂದರೇನು?"

"ಮೊದ್ಲು ಹೊಟ್ಟೆ ಒಳಗೆಳ್ಕಳಲೇ" ಎಂದರು ಮಾನ್ಯ ಅಧ್ಯಕ್ಷರು.

ಸಭೆ ನಕ್ಕಿತು. ನಾನು ಬಿಡಲಿಲ್ಲ; ಸಂವಿಧಾನದವರೆಗೂ ಹೋದೆ. ಕುರಿಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಯಾರೋ ಕೇಳಿ ಗದ್ದಲವೆದ್ದಿತು. ಅದನ್ನಡಗಿಸಲು ದೊಡ್ಡಪ್ಪ ಉಸಿರಿದ್ದಷ್ಟೂ ವಿಸಿಲ್ ಊದಿದರು.

ಜನ ಸುಮ್ಮನಾಗಲಿಲ್ಲ. ಕುರಿಗಳು ಬಂದವು. ಊರಾಚೆ ಈರಣ್ಣನ ಹೆಂಡತಿ ಕಾಯುತ್ತಿದ್ದ ಇಡೀ ಹಿಂಡು ಬೋರ್ಡು ದಾಟಿ, ಶಾಮಿಯಾನದೊಳಗೆ ನುಗ್ಗಿ, ತೊಟ್ಟಿಯ ಉದ್ದಕ್ಕೂ ಸಾಲಾಗಿ ನಿಂತಿತು. ಪಂಚಾಯಿತಿ ಕಾರ್ಯದರ್ಶಿ ಕುರ್ಚಿ ಹತ್ತಿದರು. ಒಂದು ಟಗರು ಅಧ್ಯಕ್ಷರಿಗೆಂದು ತಂದಿಟ್ಟಿದ್ದ ಹೂವಿನ ಹಾರ ತಿಂದಿತು.

ದೊಡ್ಡಪ್ಪ ಮಾತ್ರ ಆ ಸಾಲನ್ನೇ ನೋಡುತ್ತಿದ್ದರು. ಅಷ್ಟು ನೆಟ್ಟಗಿನ ಸಾಲು ಮನೆಯಲ್ಲಿ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ.

"ಈರಣ್ಣ, ಯಾವ ರೆಜಿಮೆಂಟಲೇ ಇವು?" ಎಂದವರೇ ಇಳಿದುಹೋಗಿ ತಾವೇ ಬೋರ್ಡು ಕಿತ್ತು ಹಾಕಿದರು.

"ಅಧ್ಯಕ್ಷರೇ, ಅವು ಬಂದದ್ದು ನೀರಿಗೆ, ಶಿಸ್ತಿಗಲ್ಲ!" ಎಂದು ನಾನು ಕೂಗಿದೆ.

ಈರಣ್ಣ ನನ್ನ ಅಂಗಿ ಜಗ್ಗಿದ. "ಸುಮ್ಕಿರಪ್ಪ ಮಾರಾಯ, ಗೆದ್ದೀವಿ. ಮತ್ತೆ ಸೋಲಿಸ್ಬ್ಯಾಡ."

ಅಂದಿನಿಂದ ಊರಿಗೆ ಹೋದಾಗಲೆಲ್ಲ ಬಾಗಿಲಲ್ಲೇ ದೊಡ್ಡಪ್ಪನ ಪ್ರಶ್ನೆ: "ಕುರಿ ಯಾಕ್ ಬಂದ್ವಲೇ?" "ನೀರಿಗೆ" ಅನ್ನುತ್ತೇನೆ. "ಹಂಗಾರೆ ಹೊರಗೇ ಇರು" ಅನ್ನುತ್ತಾರೆ. ದೊಡ್ಡಮ್ಮ ಒಳಗಿನಿಂದ ಮುದ್ದೆ ಕೋಲು ತೋರಿಸಿದ ಮೇಲೆಯೇ ನನಗೆ ಪ್ರವೇಶ.

ಮೊನ್ನೆ ಊರಿನವರೆಗೂ ನಿಂತೇ ಹೋದೆ. ಕುರಿಗಳ ಮುಂದೆ ತೊಟ್ಟಿಯಾದರೂ ಇತ್ತು. ನಾನು ಯಾವ ಆಸೆಗೆ ಎದ್ದೆ, ಅದೂ ಇದ್ದ ಸೀಟು ಬಿಟ್ಟು? ಪರವಾಗಿಯೂ ಯೋಚಿಸಿದೆ, ವಿರೋಧವಾಗಿಯೂ ಯೋಚಿಸಿದೆ. ಉತ್ತರ ಹೊಳೆಯುವ ಮೊದಲೇ ಊರು ಬಂತು.

ದೊಡ್ಡಪ್ಪ ಬಾಗಿಲಲ್ಲಿದ್ದರು. ಅಧಿಕಾರ ಹೋಗಿದೆ, ಮುಂದಿನ ಹಲ್ಲೂ ಹೋಗಿವೆ. ಈಗ ವಿಸಿಲ್ ಊದಿದರೆ ಬರೀ ಗಾಳಿ.

"ಕುರಿ ಯಾಕ್ ಬಂದ್ವಲೇ?"

"ನೀನ್ ಕರ್ದೆ, ಬಂದ್ವು ದೊಡ್ಡಪ್ಪ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಹೊಟ್ಟೆ ಒಳಗೆಳ್ಕಂಡು ಬಾ."