ಅತ್ತೆಯ ಕಾರ್ಬನ್ ಪ್ರತಿಗಳು

ಅತ್ತೆಯ ಕನ್ನಡಕದ ಬಲಗಡೆಯ ಕಡ್ಡಿ ಮುರಿದಿತ್ತು. ಮುರಿದಲ್ಲಿ ದ್ರಾಕ್ಷಿ ಚಪ್ಪರದ ಕಂಬಿಯ ತುಂಡೊಂದನ್ನು ಆರು ಸುತ್ತು ಸುತ್ತಿ ಬಿಗಿಯಲಾಗಿತ್ತು. ಆರು ಎಂದು ಖಚಿತವಾಗಿ ಹೇಳಬಲ್ಲೆ, ಎಣಿಸಿ ಬರೆದುಕೊಂಡಿದ್ದೇನೆ. ಹೊಸದು ತರೋಣವೆಂದರೆ, "ಇದು ಬಿದ್ದಾಗ ನೋಡೋಣ ತಾಯೀ. ನಿಮ್ಮಪ್ಪ ಕಟ್ಟಿದ್ದು, ಅಷ್ಟು ಸುಲಭಕ್ಕೆ ಬೀಳಲ್ಲ" ಎನ್ನುತ್ತಿದ್ದರು.

ಅವರು ಅಪ್ಪನ ಅಕ್ಕ. ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮ ಪಕ್ಕದ ಮನೆ. ಹತ್ತಿರದ ತೇನಿ ಪಟ್ಟಣದಲ್ಲಿ ಕಟ್ಟಡದ ಇಂಜಿನಿಯರೊಬ್ಬರ ಬಳಿ ಬಹುಕಾಲ ಟೈಪಿಸ್ಟ್ ಆಗಿದ್ದು, ಕೆಲಸ ಬಿಟ್ಟ ದಿನ ಹಳೆಯ ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವರು. ಟೈಪಿನಲ್ಲಿ ತಪ್ಪಾದರೆ ಹಾಳೆ ಹರಿಯುತ್ತಿರಲಿಲ್ಲ. ಹಿಂಬದಿಯಲ್ಲಿ ತಾರೀಖು, ತಪ್ಪುಗಳ ಸಂಖ್ಯೆ ಬರೆದು ಎತ್ತಿಡುತ್ತಿದ್ದರು. ನನಗೆ ದಿನಚರಿಯ ಚಟ ಹತ್ತಿದ್ದು ಅಲ್ಲಿಂದ.

ಅಪ್ಪ ದ್ರಾಕ್ಷಿ ತೋಟಗಳಲ್ಲಿ ಚಪ್ಪರ ಕಟ್ಟುವವರು. ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ, ಚಿತ್ತಿರೈ ತಿಂಗಳ ಬೇಸಿಗೆ ಗಾಳಿಗೆ ಅವರು ಕಟ್ಟಿದ ಚಪ್ಪರವೊಂದು ಗೊಂಚಲುಗಳ ಸಮೇತ ನೆಲಕ್ಕೊರಗಿತು. ತೋಟದ ಯಜಮಾನನನ್ನು ನಮ್ಮಲ್ಲಿ ಮೊದಲಾಳಿ ಎನ್ನುತ್ತಾರೆ. ಆ ಮೊದಲಾಳಿ ಬೆಳೆಗಾರರ ಸಂಘದಲ್ಲಿ ಎಲ್ಲರೆದುರು ಅಪ್ಪನನ್ನು ನಿಲ್ಲಿಸಿ, "ಚಪ್ಪರ ಬಿತ್ತು ಅಂತ ಬರೆದಿದೆ, ಅಷ್ಟೇ" ಎಂದು ಹೇಳಿ ಇಂಗ್ಲಿಷಿನ ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡ. ಅಪ್ಪನಿಗೆ ಇಂಗ್ಲಿಷ್ ಬಾರದು. ಮುಂದಿನ ಐದು ತಿಂಗಳು ಅವರನ್ನು ಯಾರೂ ಚಪ್ಪರಕ್ಕೆ ಕರೆಯಲಿಲ್ಲ. ಒಂದೊಂದು ತಿಂಗಳೂ ದಿನಚರಿಯಲ್ಲಿ ಸೊನ್ನೆ ಬರೆದೆ.

ಸಂಘದಿಂದ ತಂದ ಆ ಕಾಗದದ ನಕಲನ್ನು ನಾನು ಅತ್ತೆಗೆ ಓದಿ ಹೇಳಿದ್ದು ಚಪ್ಪರ ಬಿದ್ದ ಎಂಟನೇ ದಿನ. ಕಟ್ಟಿದವರು ಕಂಬಗಳಿಗೆ ಸರಿಯಾದ 'ಸಪೋರ್ಟ್' ಕೊಟ್ಟಿರಲಿಲ್ಲ, ತಪ್ಪನ್ನು ಒಪ್ಪಿದ್ದಾರೆ ಎಂದಿತ್ತು. ಅತ್ತೆ ನಕ್ಕರು.

"ಬರೀ ಸಪೋರ್ಟಾ? ಯಾವ ಸಪೋರ್ಟು ಅಂತ ಬರ್ದಿಲ್ವಾ? ಹಂಗಾದ್ರೆ ಇದನ್ನ ಬರ್ದವನು ತೋಟಕ್ಕೆ ಕಾಲೇ ಇಟ್ಟಿಲ್ಲ. ನಡಿ ತಾಯೀ, ನೋಟ್‌ಬುಕ್ ತಗೋ."

ಬಿದ್ದ ಚಪ್ಪರದ ನಡುವೆ ಸೀರೆ ಎತ್ತಿ ಸಿಕ್ಕಿಸಿಕೊಂಡು ನಡೆಯುತ್ತ ಅತ್ತೆ ಒಂದೊಂದನ್ನೇ ಕೋಲಿನಿಂದ ಮುಟ್ಟಿ ತೋರಿಸಿದರು. ಗೊಂಚಲಿನ ಭಾರಕ್ಕೆ ಜೋತ ಕಂಬಿಯನ್ನು ಕೆಳಗಿನಿಂದ ಎತ್ತಿಹಿಡಿಯುವ ಮರದ ಗಳು 'ಪ್ರಾಪ್'. ಮೂಲೆಯ ಕಂಬಕ್ಕೆ ಓರೆಯಾಗಿ ಒತ್ತುಕೊಡುವ ಕಲ್ಲು 'ಬ್ರೇಸ್'. ಅಂಚಿನ ಕಂಬವನ್ನು ಹೊರಕ್ಕೆ ಜಗ್ಗಿ ಹಿಡಿಯುವ ಕಂಬಿ 'ಸ್ಟೇ'. ಆ ಕಂಬಿಯ ತುದಿಯನ್ನು ಮಣ್ಣೊಳಗೆ ಕಚ್ಚಿಕೊಂಡಿರುವ ಹೂತ ಕಲ್ಲು 'ಆಂಕರ್'. ಇಂಜಿನಿಯರ ಕಾಗದಗಳಲ್ಲಿ ಈ ಪದಗಳನ್ನು ಅವರು ಸಾವಿರ ಸಲ ಟೈಪ್ ಮಾಡಿದ್ದರು.

"ಎಣಿಸು. ಸಿಟ್ಟು ಆಮೇಲೆ" ಎಂದರು.

ಪ್ರಾಪ್ ಐವತ್ತೆರಡು, ಎಲ್ಲ ಇದ್ದವು. ಬ್ರೇಸ್ ಎಂಟಕ್ಕೆ ಎಂಟು. ಆಂಕರ್ ಮೂವತ್ತಾರು, ಒಂದೂ ಕಿತ್ತುಬಂದಿರಲಿಲ್ಲ. ಸ್ಟೇ ಮೂವತ್ತಾರು ಇರಬೇಕಿತ್ತು, ಮೂವತ್ತಮೂರೇ ಇದ್ದವು. ಇಲ್ಲದ ಮೂರೂ ಪಕ್ಕಪಕ್ಕದವು, ಬದುವಿನ ಮೂಲೆಯಲ್ಲಿ. ಆ ಜಾಗದಲ್ಲಿ ಟ್ರ್ಯಾಕ್ಟರ್ ತಿರುಗಿದ ಗುರುತಿತ್ತು. ಹೂತ ಕಲ್ಲಿನಲ್ಲಿ ಉಳಿದ ಕಂಬಿಯ ತುದಿಯನ್ನು ಅತ್ತೆ ನನ್ನ ಬೆರಳಿಗೆ ಮುಟ್ಟಿಸಿದರು. ಗಾಳಿಗೆ ಹರಿದ ಕಂಬಿ ಎಳೆದು ಸಣ್ಣಗಾಗಿರುತ್ತದೆ. ಇವು ಕಟ್ಟರಿನ ಬಾಯಿಗೆ ಸಿಕ್ಕಿ ಚಪ್ಪಟೆಯಾಗಿದ್ದವು. ಟ್ರ್ಯಾಕ್ಟರಿಗೆ ದಾರಿಯಾಗಲೆಂದು ಯಾರೋ ಕತ್ತರಿಸಿದ್ದರು.

ಮರುದಿನ ಅತ್ತೆ ಒಂದು ಪುಟದ ವರದಿ ಟೈಪ್ ಮಾಡಿದರು. ನಡುವೆ ಮೂರು ಕಾರ್ಬನ್ ಇಟ್ಟು ಒಮ್ಮೆಗೆ ನಾಲ್ಕರಂತೆ ಮೂರು ಸಲ, ಹನ್ನೆರಡು ಪ್ರತಿ. ಇವತ್ತೇ ಮೊದಲಾಳಿಗೆ ಕೊಡೋಣ ಎಂದು ನಾನು ಕುದಿಯುತ್ತಿದ್ದೆ.

"ಇವತ್ತು ಕೊಟ್ರೆ ಒಬ್ನೇ ಓದಿ ಹರೀತಾನೆ. ನಿಮ್ಮಪ್ಪನ್ನ ಎಷ್ಟು ಜನ ನೋಡಿದ್ರೋ ಅಷ್ಟೂ ಜನ ಕೂತಿರ್ಬೇಕು."

ಐದು ತಿಂಗಳು ಕಾದೆವು. ಸಂಘದ ವಾರ್ಷಿಕ ಸಭೆಯಲ್ಲಿ ಆ ಮೊದಲಾಳಿಯೇ ಅಧ್ಯಕ್ಷನಾಗುವುದಿತ್ತು. ಹಾರ ಮೇಜಿನ ಮೇಲಿತ್ತು. ಅತ್ತೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ವರದಿಯ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿ, ಎಲ್ಲರಿಗೂ ತಿಳಿಯುವ ನಮ್ಮ ಮನೆಮಾತಿನಲ್ಲಿ ಹೇಳಿ, ಲೆಕ್ಕ ಒಪ್ಪಿಸಿದೆ.

"ಯಾವನೋ ಡ್ರೈವರ್ ಕತ್ತರ್ಸಿರ್ತಾನೆ. ಅದಕ್ಕೆ ಇಷ್ಟು ಪೆರಿಯ, ಇಷ್ಟು ದೊಡ್ಡ ಕಥೆಯಾ?" ಎಂದ ಮೊದಲಾಳಿ.

"ಡ್ರೈವರಾ? ಸರಿ ಅಯ್ಯಾ" ಎಂದರು ಅತ್ತೆ ಕೂತಲ್ಲಿಂದಲೇ. "ನನ್ ತಮ್ಮನ ಕೈಲಿ ಸೈನ್ ಹಾಕ್ಸಿದ್ದು ಯಾವ ಡ್ರೈವರು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ. ಹಾರ ಬೇರೆಯವರ ಕೊರಳಿಗೆ ಬಿತ್ತು. ಆ ವಾರವೇ ಅಪ್ಪನಿಗೆ ಎರಡು ಚಪ್ಪರಗಳ ಕೆಲಸ ಬಂತು.

ನನಗೆ ಅಷ್ಟು ಸಾಕಾಗಿತ್ತು. ಅತ್ತೆಗೆ ಸಾಲಲಿಲ್ಲ. "ಅವನು ನಮ್ ವಾಸಲಿಗೆ, ಈ ಬಾಗಿಲಿಗೆ ಬಂದು, ನಿಮ್ಮಪ್ಪನ ಮುಖ ನೋಡಿ ತಪ್ಪಾಯ್ತು ಅನ್ನಬೇಕು" ಎಂದರು. ಅವನು ಬರಲಿಲ್ಲ. ಸಂಘಕ್ಕೆ ಒಂದು ಪ್ರತಿ ಕೊಟ್ಟ ಮೇಲೆ ಹನ್ನೊಂದು ಉಳಿದಿದ್ದವು. ಪ್ರತಿವರ್ಷ ಆ ಸಭೆ ನಡೆದ ತಾರೀಖಿಗೆ ಅತ್ತೆ ಒಂದು ಪ್ರತಿಯನ್ನು ಅವನ ವಿಳಾಸಕ್ಕೆ ಅಂಚೆಗೆ ಹಾಕುತ್ತಿದ್ದರು. ಜೊತೆಗೆ ಒಂದಕ್ಷರವೂ ಇಲ್ಲ. ಹೀಗೆ ನಾಲ್ಕು ಹೋದವು.

ಹೋದ ವರ್ಷ, ಬೇಸಿಗೆ ಶುರುವಾಗುವ ಮಾಸಿ ತಿಂಗಳಲ್ಲಿ ಅತ್ತೆ ತೀರಿಕೊಂಡರು. ಕನ್ನಡಕದ ಕಂಬಿ ಕೊನೆಯವರೆಗೂ ಸಡಿಲವಾಗಲಿಲ್ಲ. ಮಣ್ಣಿಗೆ ಒಯ್ಯುವ ಮುನ್ನ ಮೊದಲಾಳಿ ದೊಡ್ಡ ಹಾರದೊಂದಿಗೆ ಬಂದ. ಬಾಗಿಲಲ್ಲಿ ನಾನಿದ್ದೆ.

"ನಿಮ್ಮತ್ತೆ ದೊಡ್ಡ ಮನುಷ್ಯರು ಪಾಪ್ಪಾ" ಎಂದ.

"ಅಪ್ಪ ಒಳಗವ್ರೆ. ಹೇಳೋದಿದ್ರೆ ಅವ್ರ ಹತ್ರ ಹೇಳಿ."

ಒಂದು ಕ್ಷಣ ಒಳಗೆ ನೋಡಿದ. ಅಪ್ಪ ಅತ್ತೆಯ ಕಾಲ ಬಳಿ ಕೂತಿದ್ದರು. ಅವನು ಹಾರವನ್ನು ನನ್ನ ಕೈಗೆ ಕೊಟ್ಟು ಹೊರಟುಹೋದ. ಅದನ್ನು ನಾನು ಅತ್ತೆಗೆ ಹಾಕಲಿಲ್ಲ. ಬೇಲಿಯ ಮೇಲೆ ಒಣಗಿತು, ಒಂಬತ್ತು ದಿನ.

ಆ ವರ್ಷದ ಪ್ರತಿಯನ್ನು ನಾನು ಕಳಿಸಿದೆ. ಈ ವರ್ಷದ್ದಕ್ಕೆ ನಿನ್ನೆ ಅಂಚೆಚೀಟಿ ಅಂಟಿಸುವಾಗ ಅಪ್ಪ ಬಂದು ನಿಂತರು.

"ಪೋದುಂ ತಾಯೀ, ಸಾಕು. ಅವನಿಗೂ ವಯಸ್ಸಾಯ್ತು. ಇನ್ನು ಎಷ್ಟವೆ?"

"ಐದು."

"ಅವು ಮುಗಿದ್ರೆ?"

ನಾನು ಅಂಚೆಚೀಟಿಯನ್ನು ಒತ್ತಿ ಅಂಟಿಸಿದೆ. ಅತ್ತೆಯ ಯಂತ್ರ ನನ್ನ ಮೇಜಿನ ಮೇಲಿದೆ. ಹೋದ ತಿಂಗಳು ರಿಬ್ಬನ್ ಬದಲಾಯಿಸಿದ್ದೇನೆ.